ಪೆಟ್ಟಿಗೆ ಕಟ್ಟುವ ಅದ್ರಾಮಾಕ

ಅದ್ರಾಮಾಕ ಮಾತಾಡುವಾಗ ಬಾಯಲ್ಲಿ ಹಗ್ಗ ಇರುತ್ತಿತ್ತು. ಒಂದು ಮೊಣಕಾಲು ರಟ್ಟಿನ ಪೆಟ್ಟಿಗೆಯ ಮೇಲೆ, ಎರಡು ಕೈಯೂ ಅದರ ಪಕ್ಕೆಗೆ, ಹಳದಿ ನೈಲಾನ್ ಹಗ್ಗದ ತುದಿ ಹಲ್ಲಿನ ನಡುವೆ. ಆ ಭಂಗಿಯಲ್ಲೇ ಅವರು ಗಿರಾಕಿಗೆ ಬುದ್ಧಿ ಹೇಳುತ್ತಿದ್ದರು, ಚಹಾದವನನ್ನು ಕರೆಯುತ್ತಿದ್ದರು, ದಾರಿಗೆ ಅಡ್ಡ ಗಾಡಿ ನಿಲ್ಲಿಸಿದವನಿಗೆ ಬೈಯುತ್ತಿದ್ದರು. ಹೊಸಬರಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ನಮಗೆ ಅಭ್ಯಾಸವಾಗಿತ್ತು. ಹಗ್ಗವನ್ನು ಬಾಯಿಂದ ತೆಗೆದರೆಂದರೆ ಬರುವ ಮಾತು ತಮಾಷೆಯದ್ದಲ್ಲ ಎಂದು ಅರ್ಥ. ಆಗ ನಾವು ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಕೇಳುತ್ತಿದ್ದೆವು.

ಪಾಸ್‌ಪೋರ್ಟಿನಲ್ಲಿ ಅವರು ಅಬ್ದುಲ್ ರಹಿಮಾನ್. ವಿಟ್ಲದ ಕಡೆಯ ಬ್ಯಾರಿಗಳು. ನಾನು ಅದರ ಪಕ್ಕದ ಪುತ್ತೂರಿನವಳಾದ್ದರಿಂದ ಮೊದಲ ದಿನವೇ ಅವರಿಗೆ ನಾನು ಶಶಿಯಕ್ಕ, ನನಗೆ ಅವರು ಅದ್ರಾಮಾಕ. ವಯಸ್ಸಿನಲ್ಲಿ ನನ್ನ ಅಪ್ಪನಿಗಿಂತ ಸ್ವಲ್ಪ ಚಿಕ್ಕವರು, ಆದರೂ ಅಕ್ಕ ಎನ್ನುವುದನ್ನು ಬಿಡಲಿಲ್ಲ. ದುಬೈಯ ದೇರಾದಲ್ಲಿ ನಾಯಿಫ್ ಕಡೆಯ ಒಂದು ಇಕ್ಕಟ್ಟಿನ ಓಣಿ ನಮ್ಮದು. ಕೆಳಗೆ ಅಂಗಡಿ, ಮೇಲೆ ಮನೆ, ಒಂದೊಂದು ಮನೆಯಲ್ಲಿ ಎರಡು ಮೂರು ಸಂಸಾರ, ಕಿಟಕಿ ಕಿಟಕಿಗೂ ಎ.ಸಿ., ಅದರಿಂದ ತಲೆಯ ಮೇಲೆ ಹನಿಯುವ ನೀರು. ನಾನು, ಗಂಡ ಸುಧಾಕರ, ಮಗಳು ಅನಘಾ ಮೂರನೇ ಮಾಳಿಗೆಯಲ್ಲಿದ್ದೆವು. ಕೆಳಗೆ ಭಟ್ಕಳದ ಮುನೀರ್ ಸಾಹೇಬರ ಕಾರ್ಗೋ ಅಂಗಡಿ, ಅದಕ್ಕೆ ತಾಗಿ ಒಂದು ಟೈಲರ್ ಅಂಗಡಿ. ಕಾರ್ಗೋ ಅಂಗಡಿಯ ಮುಂದೆ ಜಗಲಿಯಷ್ಟು ಜಾಗ ಇತ್ತಲ್ಲ, ಅದೇ ಅದ್ರಾಮಾಕನ ರಾಜ್ಯ.

ಅವರು ಅಲ್ಲಿಗೆ ಬಂದು ಕೂತದ್ದು ಕೆಲಸ ಹೋದ ಮೇಲೆ. ಅದಕ್ಕೆ ಮೊದಲು ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಅಲ್ಯುಮಿನಿಯಂ ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್. ಆ ವರ್ಷ ಮಂದಿ ಬಂತು ನೋಡಿ, ಆರ್ಥಿಕ ಹಿಂಜರಿತ ಎಂದು ಪತ್ರಿಕೆಯವರು ಬರೆಯುತ್ತಿದ್ದದ್ದನ್ನು ಓಣಿಯವರೆಲ್ಲ ಮಂದಿ ಎನ್ನುತ್ತಿದ್ದರು. ಕಟ್ಟಡಗಳು ಅರ್ಧಕ್ಕೇ ನಿಂತವು, ಕಿಟಕಿ ಚೌಕಟ್ಟು ಕೇಳುವವರಿಲ್ಲದೆ ಕಾರ್ಖಾನೆ ಅರ್ಧ ಜನರನ್ನು ಕಳಿಸಿತು. ಕಳಿಸುವುದಕ್ಕೆ ಇಲ್ಲಿ ಕ್ಯಾನ್ಸಲ್ ಎಂದು ಹೆಸರು. ವೀಸಾ ಕ್ಯಾನ್ಸಲ್ ಆಗುತ್ತದೆ, ಜನರ ಬಾಯಲ್ಲಿ ಮನುಷ್ಯನೇ ಕ್ಯಾನ್ಸಲ್ ಆಗುತ್ತಾನೆ. "ಅವನು ಲೀವಿನಲ್ಲಿ ಹೋದ್ನಾ, ಕ್ಯಾನ್ಸಲ್ಲಾ?" ಎಂದು ಒಬ್ಬರನ್ನೊಬ್ಬರು ಕೇಳುವುದು ಆಗ ದಿನದ ಮಾತಾಗಿತ್ತು.

ಅದ್ರಾಮಾಕ ಊರಿಗೆ ಹೋಗಲಿಲ್ಲ. ಇನ್ನೊಬ್ಬರ ಕೈಕೆಳಗೆ ಕೆಲಸ ಸಿಗುವ ಕಾಲ ಅದಲ್ಲ, ಸ್ವಂತದ್ದೇ ಏನಾದರೂ ಮಾಡಬೇಕೆಂದು ಹೊರಟರು. ಮೊದಲು ಅತ್ತರಿನ ವ್ಯಾಪಾರ. ಸಗಟಿನಲ್ಲಿ ಎಣ್ಣೆ ತಂದು, ತಾವೇ ಬೆರೆಸಿ, ಸಣ್ಣ ಶೀಶೆಗೆ ತುಂಬಿ ಪರಿಚಯದವರಿಗೆ ಮಾರುವ ಯೋಜನೆ. ಒಂದು ಮಧ್ಯಾಹ್ನ ಇಡೀ ಚೀಲ ನಮ್ಮ ಲಿಫ್ಟಿನಲ್ಲಿ ಬಿದ್ದು ಒಡೆಯಿತು. ಆಮೇಲೆ ಬಹಳ ದಿನ ಆ ಲಿಫ್ಟಿನಿಂದ ಇಳಿದವರೆಲ್ಲ ಮದುವೆಗೆ ಹೊರಟವರ ಹಾಗೆ ಘಮಘಮ ಎನ್ನುತ್ತಿದ್ದರು, ನಾಲ್ಕನೇ ಮಾಳಿಗೆಯ ಫಿಲಿಪಿನೋ ಹುಡುಗಿ ಮಾತ್ರ ಸೀನಿ ಸೀನಿ ಸುಸ್ತಾದಳು. ಮತ್ತೆ ಕೋರಿರೊಟ್ಟಿ, ನಮ್ಮ ಕಡೆಯ ಹಪ್ಪಳದಂಥ ಅಕ್ಕಿರೊಟ್ಟಿ. ಊರಿನಿಂದ ತರಿಸಿದ್ದು ಬಂದು ಮುಟ್ಟುವಾಗ ಪುಡಿಪುಡಿ. ಆ ಪುಡಿಯನ್ನು ನಮಗೆ ತಂದುಕೊಟ್ಟರು. ನಾವು ಅದನ್ನು ಸಾರಿಗೆ ಹಾಕಿ, ಮಜ್ಜಿಗೆಗೆ ಹಾಕಿ, ಕೊನೆಗೆ ಬರೀ ಕೈಯಲ್ಲಿ ಮುಕ್ಕಿ ಖಾಲಿ ಮಾಡಿದೆವು.

ಪೆಟ್ಟಿಗೆಯ ದಂಧೆ ಅವರು ಹುಡುಕಿದ್ದಲ್ಲ, ತಾನಾಗಿ ಬಂದದ್ದು. ಎರಡನೇ ಮಾಳಿಗೆಯ ಒಬ್ಬರು ಕ್ಯಾನ್ಸಲ್ ಆಗಿ ಹೊರಟಿದ್ದರು. ಪೆಟ್ಟಿಗೆ ಮುಚ್ಚುತ್ತಿರಲಿಲ್ಲ. ಮೂರು ಗಂಡಸರು ಅದರ ಮೇಲೆ ಕೂತರೂ ಮುಚ್ಚಲಿಲ್ಲ. ಅದ್ರಾಮಾಕ ದೂರದಿಂದ ನೋಡಿ ನೋಡಿ ತಡೆಯಲಾರದೆ ಎಲ್ಲರನ್ನೂ ಎಬ್ಬಿಸಿದರು, ಎಲ್ಲವನ್ನೂ ಹೊರಗೆ ಹಾಕಿ ಮತ್ತೆ ತುಂಬಿಸಿದರು. ಜೀವನವಿಡೀ ಸ್ಟೋರಿನಲ್ಲಿ ಸಾಮಾನು ಜೋಡಿಸಿದ ಕೈ ಅದು. ಪಾತ್ರೆಯೊಳಗೆ ಸಾಕ್ಸ್, ಸಾಕ್ಸಿನೊಳಗೆ ಲೋಟ, ಸಂದಿಗೆ ಅರಬ್ಬಿ ಪತ್ರಿಕೆಯ ಉಂಡೆ. ಪೆಟ್ಟಿಗೆ ಸುಮ್ಮನೆ ಮುಚ್ಚಿಕೊಂಡಿತು. ಒಳಗಿನಿಂದ ನೋಡುತ್ತಿದ್ದ ಮುನೀರ್ ಸಾಹೇಬರು ಹೊರಗೆ ಬಂದು, "ಅದ್ರಾಮ್ ಭಾಯ್, ನೀವು ಇಲ್ಲೇ ಕೂತ್ಕೊಳ್ಳಿ. ವೀಸಾ ಅಂಗಡಿ ಮೇಲೆ ಹಾಕ್ತೇನೆ. ಕಟ್ಟಿದ ಕೂಲಿ ನಿಮ್ದು, ಕಾರ್ಗೋ ನಂದು" ಅಂದರು. ಮಂದಿಯಲ್ಲಿ ಎಲ್ಲ ವ್ಯಾಪಾರ ಮಲಗಿತ್ತು, ಊರಿಗೆ ಹೋಗುವವರ ಪೆಟ್ಟಿಗೆ ಕಟ್ಟುವ ಈ ಒಂದು ವ್ಯಾಪಾರ ಮಾತ್ರ ಎದ್ದು ನಿಂತಿತು.

ಮನೆಯಲ್ಲಿ ಹೆಂಡತಿ ಐಸಮ್ಮನಿಗೆ ಕೆಲಸ ಹೋದ ವಿಷಯ ಹೇಳಿದ್ದೀರಾ ಎಂದು ನಾನೊಮ್ಮೆ ಕೇಳಿದೆ.

"ಸುಳ್ಳು ಹೇಳ್ಲಿಲ್ಲ ಶಶಿಯಕ್ಕ. ನನ್ನನ್ನು ಪ್ಯಾಕಿಂಗ್ ಡಿಪಾರ್ಟ್‌ಮೆಂಟಿಗೆ ಹಾಕಿದ್ದಾರೆ ಅಂದಿದ್ದೇನೆ."

"ಯಾರು ಹಾಕಿದ್ದು?"

"ಅಲ್ಲಾಹು," ಅಂದರು, ಹಗ್ಗ ಕಚ್ಚಿಕೊಂಡೇ.

ಅವರು ಐಸಮ್ಮನಿಗೆ ನಿಜ ಹೇಳದ್ದಕ್ಕೆ ಒಂದು ಕಾರಣವಿತ್ತು. ಹಿಂದಿನ ಸಲ ಮಂದಿ ಬಂದಾಗಲೂ ಅವರು ಕೆಲಸ ಕಳೆದುಕೊಂಡು ಊರಿಗೆ ಹೋಗಿದ್ದರು, ಒಂದು ವರ್ಷ ಅಲ್ಲಿದ್ದು ಮತ್ತೆ ಬಂದಿದ್ದರು. ಆ ಕತೆಯನ್ನು ಒಂದು ಸಂಜೆ ಚಹಾ ಕುಡಿಯುತ್ತಾ ಹೇಳಿದರು. ಅದನ್ನು ಅವರ ಮಾತಿನಲ್ಲೇ ಕೇಳಬೇಕು.

"ಹೋಗುವ ದಿನ ಬೆಳಿಗ್ಗೆ ರೂಮಿನಲ್ಲಿ ಗಂಜಿ ಬೇಯಿಸಿ ಉಂಡದ್ದು ನಾನು. ಕುಕ್ಕರ್ ತೊಳೆದು ಕಡೆಗೆ ಪೆಟ್ಟಿಗೆಗೆ ಹಾಕಿದೆ. ಕಡೆಗೆ ಹಾಕಿದ್ದು ಮೇಲೆ ಬರ್ತದೆ ಅಂತ ಸ್ಟೋರ್ ಕೀಪರಿಗೆ ಗೊತ್ತಿರ್ಬೇಕಲ್ಲ? ತಲೆ ಸರಿ ಇರ್ಲಿಲ್ಲ. ಊರಲ್ಲಿ ಪೆಟ್ಟಿಗೆ ಬಿಚ್ಚುವಾಗ ಗೊತ್ತುಂಟಲ್ಲ ನಿಮಗೆ, ನೆರೆಕರೆ ಇಡೀ ಬಂದು ಕೂತಿರ್ತದೆ. ಮಕ್ಕಳು ಮುಂದೆ. ಹಗ್ಗ ಕೊಯ್ದೆ, ಮುಚ್ಚಳ ತೆಗೆದೆ. ಮೇಲೆ ಎಂತ? ಅಡಿ ಕರಿ ಹಿಡಿದ ಕುಕ್ಕರ್. ದುಬೈಯಿಂದ ಹಳೆ ಕುಕ್ಕರ್ ತರುವುದು ಯಾರು ಹೇಳಿ? ಕೆಲಸ ಹೋದವನು. ಐಸಮ್ಮ ಸೆರಗು ಬಾಯಿಗೆ ಹಿಡಿದಳು. ಮತ್ತೆ ಹೇಳ್ತಾಳೆ, ನಾನೇ ತರ್ಲಿಕ್ಕೆ ಹೇಳಿದ್ದು, ಇಲ್ಲಿಯ ಕುಕ್ಕರ್ ಹಾಳಾಗಿದೆ, ಕೂಗುವುದೇ ಇಲ್ಲ ಅಂತ. ಒಳಗೆ ಅವಳ ಕುಕ್ಕರ್ ಕುಯ್ಯೋ ಅಂತ ಕೂಗ್ತಾ ಉಂಟು, ಇವಳು ಇಲ್ಲಿ ಹೀಗೆ ಹೇಳ್ತಾ ಇದ್ದಾಳೆ!"

ಹೇಳಿ ಗಹಗಹಿಸಿ ನಕ್ಕರು. ನಾನೂ ಹೊಟ್ಟೆ ಹಿಡಿದು ನಕ್ಕೆ, ಆಮೇಲೆ ನನಗೆ ಅಳು ಬಂತು. ಅವರು ಚಹಾದ ಕಪ್ಪು ಕೆಳಗಿಟ್ಟು, "ಈ ಸಲ ಹೋದರೆ ಹಾಗೆ ಹೋಗುವುದಿಲ್ಲ. ನಮ್ಮ ಪೆಟ್ಟಿಗೆ ಬಿಚ್ಚುವಾಗ ಐಸಮ್ಮ ಇನ್ನೊಮ್ಮೆ ಬಾಯಿಗೆ ಸೆರಗು ಹಿಡಿಯಬಾರದು. ಅಷ್ಟೇ ನನಗೆ ಆಗಬೇಕಾದ್ದು" ಅಂದರು.

ತನಗೆ ಆದದ್ದು ಇನ್ನೊಬ್ಬನಿಗೆ ಆಗಬಾರದೆಂದೇ ಅವರ ಪೆಟ್ಟಿಗೆಗೆ ಒಂದು ಕ್ರಮ ಇತ್ತು. ಅದನ್ನು ಅವರು 'ಮೇಲಿನ ಹಾಸು' ಎನ್ನುತ್ತಿದ್ದರು. ಕ್ಯಾನ್ಸಲ್ ಆದವನ ಪಾತ್ರೆ, ಕಂಬಳಿ, ಇಸ್ತ್ರಿಪೆಟ್ಟಿಗೆ, ಸವೆದ ಬೂಟು ಎಲ್ಲ ಅಡಿಗೆ. ಅದರ ಮೇಲೆ ಒಂದು ಹೊಸ ಟವೆಲು. ಟವೆಲಿನ ಮೇಲೆ ಹಾಲಿನ ಪುಡಿಯ ಡಬ್ಬ, ಚಾಕಲೇಟು, ಖರ್ಜೂರ, ಪಿಸ್ತಾ, ಸೆಂಟು, ತಲೆನೋವಿನ ಮುಲಾಮು, ಒಂದು ಟಾರ್ಚು. ಊರಿನಲ್ಲಿ ಮುಚ್ಚಳ ತೆಗೆದ ಕೂಡಲೇ ಮಕ್ಕಳು ಹೋ ಎನ್ನಬೇಕು, ಹಂಚಿ ಮುಗಿಯಬೇಕು, ನೆರೆಯವರು ಬಾಯಿ ಸಿಹಿ ಮಾಡಿಕೊಂಡು ಮನೆಗೆ ಹೋಗಬೇಕು. ಅಡಿಯಲ್ಲಿ ಇರುವುದನ್ನು ಗಂಡ ಹೆಂಡತಿ ಆಮೇಲೆ ಬಾಗಿಲು ಹಾಕಿಕೊಂಡು ತೆಗೆದರಾಯಿತು. ಗಿರಾಕಿಯ ಕೈ ಖಾಲಿಯಾಗಿದ್ದರೆ ಆ ಹಾಸು ಅದ್ರಾಮಾಕನದ್ದೇ. ಸಗಟು ಅಂಗಡಿಗಳಲ್ಲಿ ತಗ್ಗು ಬಿದ್ದ ಡಬ್ಬ, ಲೇಬಲ್ ಹರಿದ ಬಾಟಲಿಗಳನ್ನು ಕಾಡಿ ಬೇಡಿ ತಂದು ಶೇಖರಿಸಿ ಇಡುತ್ತಿದ್ದರು. ತಗ್ಗು ಬಿದ್ದ ಕಡೆ ಕೆಳಗೆ, ಒಳ್ಳೆಯ ಕಡೆ ಮೇಲೆ. ಕೊನೆಗೆ ದಪ್ಪ ಮಾರ್ಕರಿನಲ್ಲಿ ಪೆಟ್ಟಿಗೆಯ ಒಂದು ಬದಿಗೆ ಹೆಸರು ಇಂಗ್ಲಿಷಿನಲ್ಲಿ, ಇನ್ನೊಂದು ಬದಿಗೆ ಕನ್ನಡದಲ್ಲಿ. ಹಗ್ಗ ಕಟ್ಟಿದ ಪೆಟ್ಟಿಗೆ ಬೇಡ ಎನ್ನುವ ಕೆಲವು ವಿಮಾನದವರ ಮೇಲೆ ಅವರಿಗೆ ತೀರದ ಸಿಟ್ಟು. "ಹಗ್ಗ ಇಲ್ಲದ ಪೆಟ್ಟಿಗೆ ಅಂದ್ರೆ ಬೆಲ್ಟ್ ಕಟ್ಟದ ಮುಂಡು, ಯಾವಾಗ ಬಿಚ್ಚಿ ಬೀಳ್ತದೆ ಗೊತ್ತಿಲ್ಲ" ಎಂದು ಬೈಯುತ್ತಿದ್ದರು.

ಆದರೆ ಇದು ಅರ್ಧ ಅದ್ರಾಮಾಕ ಮಾತ್ರ. ಇನ್ನರ್ಧ ಎಂಥದ್ದೆಂದರೆ, ಪೆಟ್ಟಿಗೆ ಕಟ್ಟಲು ಕೂತವರು ಕೆಲವೊಮ್ಮೆ ಕಟ್ಟುವುದೇ ಇಲ್ಲ ಎಂದು ಹಠ ಹಿಡಿಯುತ್ತಿದ್ದರು.

ಹುಬ್ಬಳ್ಳಿ ಕಡೆಯ ಬಸವರಾಜ ಹೀಗೇ ಸಿಕ್ಕಿಬಿದ್ದದ್ದು. ಕಟ್ಟಡದ ಕೆಲಸದಲ್ಲಿ ಸೇಫ್ಟಿ ಆಫೀಸರ್ ಆಗಿದ್ದವರು, ಕ್ಯಾನ್ಸಲ್ ಆಗಿ ಸಾಮಾನು ಹೊತ್ತು ತಂದಿದ್ದರು. ಅದ್ರಾಮಾಕ ಚೀಲಕ್ಕೆ ಕೈ ಹಾಕಿದರೆ ಒಂದು ದೊಡ್ಡ ಪೊಟ್ಟಣ ಮಂಡಕ್ಕಿ.

"ಇದೆಂತದು? ಊರಿನ ಮಂಡಕ್ಕಿ ಪುನಃ ಊರಿಗಾ?"

"ಗಿರ್ಮಿಟ್ ಮಾಡ್ಲಿಕ್ಕೆ ತರಿಸಿದ್ದೆ ಕಾಕಾ. ಇನ್ ಯಾರಿಗ್ ಮಾಡ್ಲಿ? ರೂಮಿನ್ಯಾಗ ಇದ್ದವ್ರು ಎಲ್ಲಾ ಹೋದ್ರು."

"ಈಗ ಮಾಡಿ ನೋಡುವ."

"ಈಗ? ಇಲ್ಲೇ?"

"ಶಶಿಯಕ್ಕನ ಮನೆ ಉಂಟಲ್ಲ ಮೇಲೆ."

ನನ್ನನ್ನು ಕೇಳಿದರಾ? ಇಲ್ಲ. ಸೀದಾ ಮೇಲೆ ಬಂದು ನನ್ನ ಅಡುಗೆಮನೆಗೆ ನುಗ್ಗಿದರು. ನಾನು ಬೈದೆ, ಬೈಯುತ್ತಲೇ ಈರುಳ್ಳಿ ಹೆಚ್ಚಿಕೊಟ್ಟೆ. ಬಸವರಾಜ ಮಾಡಿದ ಗಿರ್ಮಿಟ್ ಹೇಗಿತ್ತೆಂದರೆ, ನನ್ನ ಮಗಳು, ಊರಿನ ತಿಂಡಿ ಎಂದರೆ ಮೂಗು ಮುರಿಯುವವಳು, "ಅಮ್ಮಾ, ಕ್ಯಾನ್ ಐ ಹ್ಯಾವ್ ಮೋರ್?" ಎಂದು ಕೈ ನೆಕ್ಕಿದಳು. ಅದ್ರಾಮಾಕ ಅವರನ್ನು ಸೀದಾ ಓಣಿಯ ತುದಿಯ ಕೆಫೆಟೇರಿಯಾಕ್ಕೆ ಕರೆದುಕೊಂಡು ಹೋದರು. ಸಂಜೆ ಹೊತ್ತು ಗಿರ್ಮಿಟ್ ಮಾರಲು ಒಂದು ಮೂಲೆ ಬಿಟ್ಟುಕೊಡುವಂತೆ ಅಲ್ಲಿಯವನನ್ನು ಒಪ್ಪಿಸಿದರು. ಪೆಟ್ಟಿಗೆ ಕಟ್ಟಲಿಲ್ಲ, ಕೂಲಿಯೂ ಹೋಯಿತು. ಬಸವರಾಜ ಈಗ ಶಾರ್ಜಾದಲ್ಲೂ ಒಂದು ಅಂಗಡಿ ಇಟ್ಟಿದ್ದಾರೆ.

ಎಲ್ಲರಿಗೂ ಹೀಗೇ ಆಯಿತೆಂದು ಹೇಳಿದರೆ ಅದು ಸುಳ್ಳು. ಒಬ್ಬ ಡ್ರಾಫ್ಟ್ಸ್‌ಮನ್‌ಗೆ ನೀರುದೋಸೆ ಮಾಡು ಎಂದು ಹುರಿದುಂಬಿಸಿ, ಆ ಮನುಷ್ಯ ಹೊಯ್ದದ್ದೆಲ್ಲ ಕಾವಲಿಗೆ ಅಂಟಿ, ಕೊನೆಗೆ ಕಾವಲಿಯನ್ನೇ ಪೆಟ್ಟಿಗೆಗೆ ಹಾಕಿ ಕಟ್ಟಬೇಕಾಯಿತು. ಹೆಚ್ಚಿನವರು ಹೋಗಲೇಬೇಕಾದವರು, ಅವರನ್ನು ಅದ್ರಾಮಾಕ ಮೇಲಿನ ಹಾಸು ಹಾಕಿ ಚಂದಮಾಡಿ ಕಳಿಸಿದರು. ಆದರೆ ಪ್ರತಿಯೊಬ್ಬನನ್ನೂ ಒಂದು ಸಲ ಕೇಳುತ್ತಿದ್ದರು: "ನಿಮ್ಮ ಕೈಗೆ ಎಂತ ಬರ್ತದೆ?" ಓದಿದ್ದು ಎಷ್ಟು, ಸಂಬಳ ಎಷ್ಟಿತ್ತು ಎಂದು ಅವರು ಯಾರನ್ನೂ ಕೇಳಿದ್ದು ನಾನು ಕಾಣೆ. ಮುನೀರ್ ಸಾಹೇಬರಿಗೆ ಮಾತ್ರ ತಲೆಬಿಸಿ. "ಅದ್ರಾಮ್ ಭಾಯ್, ನೀವು ಕಟ್ಟುವುದಕ್ಕಿಂತ ಬಿಚ್ಚುವುದೇ ಹೆಚ್ಚಾಯ್ತು. ನನ್ನ ಕಾರ್ಗೋ ಏನಾಗ್ಬೇಕು?" ಎಂದು ಗೊಣಗುತ್ತಿದ್ದರು. "ಹೋದವನು ಒಂದೇ ಪೆಟ್ಟಿಗೆ ಸಾಹೇಬ್ರೇ, ಇಲ್ಲಿ ನಿಂತವನು ಪ್ರತಿ ವರ್ಷ ಕಳಿಸ್ತಾನೆ" ಎಂದು ಇವರ ಉತ್ತರ. ಸಾಹೇಬರು ತಲೆ ಕೆರೆದುಕೊಂಡು ಒಳಗೆ ಹೋಗುತ್ತಿದ್ದರು.

ಅಷ್ಟರಲ್ಲಿ ನಮ್ಮ ಮನೆಯ ಸರದಿ ಬಂತು.

ಸುಧಾಕರನದ್ದು ಸ್ಟೀಲ್ ಫರ್ನಿಚರ್ ಕಂಪನಿ. ಕೆಲಸ ತೆಗೆಯಲಿಲ್ಲ, ಸಂಬಳ ಅರ್ಧ ಮಾಡಿದರು. ಅರ್ಧ ಸಂಬಳದಲ್ಲಿ ಬಾಡಿಗೆ ಕಟ್ಟಿದರೆ ಮಗಳ ಶಾಲೆ ಇಲ್ಲ, ಶಾಲೆಗೆ ಕಟ್ಟಿದರೆ ಮನೆ ಇಲ್ಲ. ಕೂತು ಮಾತಾಡಿ, ಜಗಳವಾಡಿ, ಮತ್ತೆ ಮಾತಾಡಿ ತೀರ್ಮಾನಿಸಿದೆವು: ನಾನೂ ಅನಘಾಳೂ ಪುತ್ತೂರಿಗೆ ಅಮ್ಮನ ಮನೆಗೆ, ಅವರು ಯಾವುದಾದರೂ ಬೆಡ್‌ಸ್ಪೇಸಿಗೆ. ಹನ್ನೆರಡು ಜನರ ರೂಮಿನಲ್ಲಿ ಒಂದು ಮಂಚವನ್ನು ಬಾಡಿಗೆಗೆ ಹಿಡಿಯುವುದು. ಆ ಮನುಷ್ಯನಿಗೆ ಲೈಟ್ ಉರಿಯುತ್ತಿದ್ದರೆ ನಿದ್ದೆ ಬರುವುದಿಲ್ಲ. ಅದು ಗೊತ್ತಿದ್ದೂ ನಾನು ಬಾಯಲ್ಲಿ ಮಾತ್ರ "ಎಲ್ಲ ಗಂಡಸರೂ ಇರುವುದಿಲ್ವಾ?" ಎಂದು ಜೋರು ಮಾಡುತ್ತಿದ್ದೆ.

ಪೆಟ್ಟಿಗೆ ಕಟ್ಟಲು ಅದ್ರಾಮಾಕನನ್ನೇ ಕರೆದೆವು. ಬೇರೆ ಯಾರನ್ನು ಕರೆಯುವುದು? ರಟ್ಟು, ಟೇಪು, ಹಗ್ಗ ಹಿಡಿದು ಬಂದರು, ಆ ದಿನ ಒಂದು ತಮಾಷೆಯನ್ನೂ ಆಡಲಿಲ್ಲ. ಅನಘಾ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಗೋಡೆಗೆ ಮುಖ ಮಾಡಿ ಕೂತಿದ್ದಳು. ಪಾತ್ರೆ ಹೋಯಿತು, ದೇವರ ಫೋಟೋ ಸೀರೆಯಲ್ಲಿ ಸುತ್ತಿ ಹೋಯಿತು. ನನ್ನ ಹೊಲಿಗೆ ಮೆಷಿನಿನ ಹತ್ತಿರ ಬಂದಾಗ ಅವರ ಕೈ ನಿಂತಿತು. ಹಗ್ಗವನ್ನು ಬಾಯಿಂದ ತೆಗೆದರು.

"ಇದು ಹೋಗುವುದಿಲ್ಲ ಶಶಿಯಕ್ಕ."

"ಯಾಕೆ, ಭಾರವಾ?"

"ಭಾರ ಅಲ್ಲ. ಇದನ್ನು ನಾನು ಕಟ್ಟುವುದಿಲ್ಲ."

ನನಗೆ ಎಲ್ಲಿತ್ತೋ ಸಿಟ್ಟು. "ನಿಮ್ಮನ್ನು ಕರೆದದ್ದು ಪೆಟ್ಟಿಗೆ ಕಟ್ಟಲಿಕ್ಕೆ ಅದ್ರಾಮಾಕ, ನಮ್ಮ ಸಂಸಾರ ನಡೆಸಲಿಕ್ಕಲ್ಲ!"

"ಬೈಯಿರಿ. ಬೈದು ಮುಗಿಸಿ, ಮತ್ತೆ ನನ್ನದೊಂದು ಕೇಳಿ." ಪೆಟ್ಟಿಗೆಯ ಅಂಚಿನಲ್ಲೇ ಕೂತರು. "ಬರುವ ತಿಂಗಳು ಶಾಲೆ ಶುರು. ಹೊಸ ಯೂನಿಫಾರ್ಮ್ ತೆಗೆಯುವ ತಾಕತ್ತು ಈ ವರ್ಷ ಯಾರಿಗುಂಟು? ಮಂದಿ ಬಂತು ಅಂತ ಮಕ್ಕಳು ಬೆಳೆಯುವುದು ನಿಲ್ಲಿಸ್ತಾರಾ? ಹಳೇ ಲಂಗ ಉದ್ದ ಮಾಡ್ಬೇಕು, ಪ್ಯಾಂಟಿನ ಅಂಚು ಬಿಡಿಸ್ಬೇಕು. ಕೆಳಗಿನ ಟೈಲರ್ ಕ್ಯಾನ್ಸಲ್ ಆಗಿ ಹೋದ, ಅವನ ಪೆಟ್ಟಿಗೆ ಕಟ್ಟಿದ್ದು ನಾನೇ. ಅಂಗಡಿಯವನು ಕೈ ಹುಡುಕ್ತಾ ಇದ್ದಾನೆ. ಮಗಳು ಶಾಲೆಗೆ ಹೋದಾಗ ಹೋಗಿ ಕೂತ್ಕೊಳ್ಳಿ. ಆಗದಿದ್ರೆ ನಾನೇ ಬಂದು ಕಟ್ಟಿ ಕೊಡ್ತೇನೆ, ಕೂಲಿ ಬೇಡ."

ನಾನು ಸುಧಾಕರನ ಮುಖ ನೋಡಿದೆ. ಅವರು ಮೆಷಿನ್ ನೋಡುತ್ತಿದ್ದರು. "ಸರಿಯೇ ಉಂಟಲ್ಲ ಮಾರಾಯ್ತಿ ಅವರು ಹೇಳುವುದು" ಅಂದರು, ದನಿ ಸಣ್ಣದಾಗಿತ್ತು. ಹೆಡ್‌ಫೋನ್ ಹಾಕಿಕೊಂಡವಳು ಅಷ್ಟು ಹೊತ್ತೂ ಎಲ್ಲ ಕೇಳಿಸಿಕೊಂಡಿದ್ದಳು ಅಂತ ಕಾಣುತ್ತದೆ, ತಿರುಗಿ, "ಸೋ ಆರ್ ವಿ ಗೋಯಿಂಗ್ ಆರ್ ನಾಟ್?" ಅಂದಳು.

"ನಾಟ್, ಮಗಳೇ. ನಾಟ್," ಅಂದರು ಅದ್ರಾಮಾಕ, ನಮ್ಮಿಬ್ಬರನ್ನೂ ಕೇಳದೆ.

ಆ ಪೆಟ್ಟಿಗೆ ನಮ್ಮ ನಡುಮನೆಯಲ್ಲಿ ಬಾಯಿ ತೆರೆದುಕೊಂಡೇ ಬಹಳ ದಿನ ಕೂತಿತ್ತು. ನಾವು ಬೇಕಾದ ಪಾತ್ರೆಯನ್ನು ಅದರಿಂದ ತೆಗೆದು ಅಡುಗೆ ಮಾಡಿ, ತೊಳೆದು, ಮತ್ತೆ ಅದರೊಳಗೇ ಇಡುತ್ತಿದ್ದೆವು. ನಾನು ಕೆಳಗಿನ ಅಂಗಡಿಯಲ್ಲಿ ಕೂತೆ, ಅಂಗಡಿಯವರೇ ಪರ್ಮಿಟ್ ಮಾಡಿಸಿಕೊಟ್ಟರು. ಲಂಗದ ಅಂಚು ಬಿಚ್ಚಿದರೆ ಹಳೆಯ ಮಡಿಕೆಯ ಗೆರೆ ಎದ್ದು ಕಾಣುತ್ತದೆ. ಅದಕ್ಕೆ ವಿನೆಗರ್ ಹಚ್ಚಿ ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಒತ್ತಿದರೆ ಹೋಗುತ್ತದೆ. ಅಮ್ಮನಿಂದ ಕಲಿತ ಈ ಸಣ್ಣ ಉಪಾಯವೇ ನಮ್ಮನ್ನು ಸಾಕಿತು. ಒಬ್ಬಳು ತಾಯಿ ಇನ್ನೊಬ್ಬಳಿಗೆ ಹೇಳಿದಳು. ದೂರದ ಅಲ್ ಐನ್ ಊರಿನ ಒಬ್ಬ ಟೀಚರು ತನ್ನ ಪರಿಚಯದವರ ಮಕ್ಕಳದ್ದೆಲ್ಲ ಒಟ್ಟು ಮಾಡಿ ಗಂಟು ಕಟ್ಟಿ ತಂದರು. ಶಾಲೆ ಶುರುವಾಗುವ ಹೊತ್ತಿಗೆ ನನಗೆ ಊಟಕ್ಕೆ ಪುರುಸೊತ್ತಿರಲಿಲ್ಲ. ಹೊರಗೆ ಹೋದಾಗಲೆಲ್ಲ ಬೆಡ್‌ಸ್ಪೇಸ್ ನೋಡಿಕೊಂಡು ಬರುತ್ತಿದ್ದ ಸುಧಾಕರ ಒಂದು ದಿನ ಬ್ಯಾಂಕಿನ ಕೆಲಸಕ್ಕೆಂದು ಹೋದವರು ಯಾವುದನ್ನೂ ನೋಡದೆ ವಾಪಸು ಬಂದರು. ಆ ದಿನ ನಾನು ಪೆಟ್ಟಿಗೆಯಿಂದ ದೇವರ ಫೋಟೋ ಹೊರಗೆ ತೆಗೆದು ಗೋಡೆಗೆ ತೂಗುಹಾಕಿದೆ. ಈಗ ಆ ಅಂಗಡಿಯ ಬೋರ್ಡಿನಲ್ಲಿ ನನ್ನ ಹೆಸರಿದೆ, ಲೈಸೆನ್ಸೂ ನನ್ನದೇ.

ಮಂದಿ ಹೋಯಿತು ಎಂದು ಪತ್ರಿಕೆಯವರು ಬರೆಯುವ ಮೊದಲೇ ನಮ್ಮ ಓಣಿಗೆ ಗೊತ್ತಾಗಿತ್ತು. ಅದ್ರಾಮಾಕ ಖಾಲಿ ಕೂತಿದ್ದರು. ಕ್ಯಾನ್ಸಲ್ ಆಗಿ ಹೋಗುವವರಿಲ್ಲ, ಹಗ್ಗದ ಉಂಡೆ ಹಾಗೇ ಇದೆ. "ವ್ಯಾಪಾರ ಹೇಗುಂಟು?" ಎಂದರೆ "ಪೂರಾ ಡಲ್, ಅಲ್‌ಹಮ್ದುಲಿಲ್ಲಾಹ್!" ಎಂದು ದೇವರನ್ನು ನೆನೆದು ಖುಷಿಯಲ್ಲಿ ಹೇಳುತ್ತಿದ್ದರು. ಆದರೆ ಮೊಣಕಾಲು ಕೈಕೊಟ್ಟಿತ್ತು. ಪೆಟ್ಟಿಗೆಯ ಮೇಲೆ ಊರುತ್ತಿದ್ದ ಆ ಕಾಲನ್ನು ನಮಾಜಿಗೆ ಮಡಚುವುದೂ ಕಷ್ಟವಾಯಿತು. ಒಂದು ದಿನ ಮೇಲೆ ಬಂದು, "ಖಲಾಸ್ ಶಶಿಯಕ್ಕ. ಬರುವ ಶನಿವಾರ ಹೊರಟೆ" ಅಂದರು.

ಶನಿವಾರ ಮಧ್ಯಾಹ್ನ ನಾನು ಕೆಳಗಿಳಿದು ನೋಡುತ್ತೇನೆ, ಅವರ ಪೆಟ್ಟಿಗೆ ತಯಾರಾಗಿದೆ, ಹಗ್ಗ ಒಂದು ಕಟ್ಟಿಲ್ಲ. ಮುಚ್ಚಳ ಎತ್ತಿದೆ. ಕಂಬಳಿ, ಸವೆದ ಚಪ್ಪಲಿ, ಎರಡು ಅಂಗಿ, ಉಳಿದ ಹಗ್ಗದ ಉಂಡೆ. ಎಲ್ಲದರ ಮೇಲೆ ಕುಕ್ಕರ್! ಈ ಸಲದ ಕುಕ್ಕರ್ ಬೇರೆ, ಕರಿ ಮಾತ್ರ ಅದೇ.

"ಇದೆಂತ ಅದ್ರಾಮಾಕ? ಮೇಲಿನ ಹಾಸು ಎಲ್ಲಿ?"

"ಇದ್ದದ್ದನ್ನು ಮೊನ್ನೆ ಆ ರಾಯಚೂರಿನ ಮೇಸ್ತ್ರಿಗೆ ಹಾಕಿದೆ. ಪಾಪ, ಮೂರು ಹೆಣ್ಣುಮಕ್ಕಳು ಅವನಿಗೆ."

"ನಿಮಗೆ?"

"ನನಗೆಂತಕ್ಕೆ? ಐಸಮ್ಮನಿಗೆ ಅಭ್ಯಾಸ ಉಂಟಲ್ಲ," ಅಂದರು. ನಗಲು ನೋಡಿದರು, ಆಗಲಿಲ್ಲ. ಕುಕ್ಕರನ್ನು ಒಮ್ಮೆ ಕೆಳಗೆ ತಳ್ಳಿದರು, ಕಂಬಳಿ ದಪ್ಪ, ಅದು ಹೋಗಲಿಲ್ಲ. "ಅಸರ್ ನಮಾಜಿನ ಹೊತ್ತಾಯ್ತು, ಹೋಗಿ ಬರ್ತೇನೆ. ಮಸೀದಿಯಲ್ಲಿ ನಾಲ್ಕು ಜನರಿಗೆ ಹೇಳಿ ಬರ್ಲಿಕ್ಕುಂಟು" ಎಂದು ಕುಂಟುತ್ತಾ ಹೊರಟರು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಊರವರಿಗೆಲ್ಲ ಮಾನ ಉಳಿಸಿಕೊಟ್ಟು ತಾನು ಕುಕ್ಕರ್ ಹೊತ್ತು ಹೋಗುವುದೆಂದರೆ! ಫೋನ್ ತೆಗೆದು ಗೊತ್ತಿದ್ದವರಿಗೆಲ್ಲ ವಾಯ್ಸ್ ಮೆಸೇಜ್ ಕಳಿಸಿದೆ. ಏನು ಹೇಳಿದೆನೋ ನೆನಪಿಲ್ಲ, ಬೈದದ್ದೇ ಹೆಚ್ಚು. ಬಸವರಾಜ ಕೈ ತೊಳೆಯದೆ ಓಡಿ ಬಂದರು, ಎರಡು ಚೀಲ ತುಂಬ ಚಾಕಲೇಟು. ಸುಧಾಕರ ಸೆಂಟು ತಂದರು. ಕಟ್ಟದೇ ಉಳಿದ ಪೆಟ್ಟಿಗೆಯವರು, ನಾನು ಮರೆತೇಬಿಟ್ಟವರು, ಹಾಲಿನ ಪುಡಿ, ಪಿಸ್ತಾ, ಬಾದಾಮಿ, ಗೋಡೆ ಗಡಿಯಾರ ಹಿಡಿದು ಬಂದರು. ಮುನೀರ್ ಸಾಹೇಬರು ಒಂದು ಹೊಸ ಕಂಬಳಿ ಇಟ್ಟು ಒಳಗೆ ಹೋದರು. ನಾನು ಐಸಮ್ಮನಿಗೆಂದು ಮೊದಲೇ ಹೊಲಿದಿಟ್ಟ ಹೂವಿನ ಮ್ಯಾಕ್ಸಿ ತಂದೆ. ಅವರ ಪೆಟ್ಟಿಗೆಯಲ್ಲಿದ್ದದ್ದನ್ನೆಲ್ಲ ತೆಗೆದು ನನ್ನ ಮನೆಗೆ ಸಾಗಿಸಿ, ಬಂದದ್ದನ್ನು ತುಂಬಿಸಿದೆವು. ಅನಘಾ ಮಾರ್ಕರ್ ಹಿಡಿದು ಒಂದು ಬದಿಗೆ ಇಂಗ್ಲಿಷಿನಲ್ಲಿ ಬರೆದಳು, ಇನ್ನೊಂದು ಬದಿಗೆ ನನ್ನನ್ನು ಕೇಳಿ ಕೇಳಿ ಕನ್ನಡದಲ್ಲಿ ಬರೆದಳು. ಹಗ್ಗ ಕಟ್ಟುವಾಗ ಎಲ್ಲರಿಗೂ ಬೆವರಿಳಿಯಿತು. ಅವರ ಗಂಟು ನಮಗೆ ಯಾರಿಗೂ ಬರುತ್ತಿರಲಿಲ್ಲ.

ಅವರು ಮಸೀದಿಯಿಂದ ಬಂದು ಪೆಟ್ಟಿಗೆ ನೋಡಿದರು, ಗಂಟು ನೋಡಿದರು, ಸಾಲಾಗಿ ನಿಂತ ನಮ್ಮ ಮುಖ ನೋಡಿದರು.

"ಯಾರು ಕಟ್ಟಿದ್ದು?"

"ನಿಮಗೆ ಕಾಲು ನೋವಲ್ವಾ? ನಾವೇ ಕಟ್ಟಿದೆವು. ಬಿಚ್ಚಬೇಡಿ, ಊರಿಗೆ ಹೋಗಿ ಬಿಚ್ಚಿ. ಯಲ್ಲಾ, ಬೇಗ ಹೊರಡಿ, ಗಾಡಿ ಬಂತು," ಎಂದು ಅವಸರ ಮಾಡಿದೆ. ಸಂಶಯ ಬಂದಿತ್ತು ಅವರಿಗೆ. ಆದರೆ ಬಸವರಾಜ ಪೆಟ್ಟಿಗೆಯನ್ನು ಆಗಲೇ ಡಿಕ್ಕಿಗೆ ಹಾಕಿಯಾಗಿತ್ತು. ಅದ್ರಾಮಾಕ ಕಾರು ಹತ್ತಿದರು, ಕಿಟಕಿಯಿಂದ ಕೈ ಹೊರಗೆ ಚಾಚಿ ನಮ್ಮ ಬೋರ್ಡನ್ನು ಒಮ್ಮೆ ತೋರಿಸಿದರು, ಏನೋ ಹೇಳಿದರು. ಗಾಡಿಯ ಸದ್ದಿಗೆ ಕೇಳಿಸಲಿಲ್ಲ. ನಾನು ಅವರನ್ನು ಕಂಡದ್ದು ಅದೇ ಕೊನೆ.

ಮಾರನೆಯ ದಿನ ನಾನು ಅಂಗಡಿಯಲ್ಲಿದ್ದಾಗ ಊರಿನ ನಂಬರಿನಿಂದ ಫೋನ್ ಬಂತು. ಐಸಮ್ಮ. ಅವರ ದನಿಯನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಹಿಂದೆ ಮಕ್ಕಳ ಗದ್ದಲವೋ ಗದ್ದಲ.

"ಶಶಿಯಕ್ಕನಾ? ಪೆಟ್ಟಿಗೆ ಬಿಚ್ಚಿದೆವು. ನೆರೆಕರೆಯವರೆಲ್ಲ ಇದ್ದಾರೆ. ಎಲ್ಲರಿಗೂ ಕೊಟ್ಟಾಯ್ತು, ಇನ್ನೂ ಉಂಟು. ಅಡಿಯಲ್ಲಿ ಕುಕ್ಕರ್ ಉಂಟು, ಮತ್ತೆ ತೆಗೆಯುವ ಅಂತ ಇವರು ಮೆಲ್ಲ ನನ್ನ ಕಿವಿಯಲ್ಲಿ ಹೇಳಿದ್ರು. ಅಡಿ ತನಕ ನೋಡಿದೆ ಶಶಿಯಕ್ಕ. ಅಡಿ ತನಕ ಮೇಲಿನದ್ದೇ ಉಂಟು." ಮಕ್ಕಳನ್ನು ಒಮ್ಮೆ ಗದರಿ, ದನಿ ತಗ್ಗಿಸಿದರು. "ಇವರ ಪ್ಯಾಕಿಂಗ್ ಡಿಪಾರ್ಟ್‌ಮೆಂಟ್ ಒಳ್ಳೆಯದಿತ್ತು ಕಾಣ್ತದೆ."

"ಬಹಳ ಒಳ್ಳೆಯದಿತ್ತು ಐಸಮ್ಮಕ್ಕ," ಅಂದೆ. "ಅವರು ಎಲ್ಲಿ?"

"ಇಲ್ಲೇ ಇದ್ದಾರೆ. ಖಾಲಿ ಪೆಟ್ಟಿಗೆಯ ಒಳಗೆ ತಲೆ ಹಾಕಿ ಕೂತಿದ್ದಾರೆ, ಏಳುವುದಿಲ್ಲ. ನೀವೇ ಮಾತಾಡಿ."

ಫೋನನ್ನು ಪೆಟ್ಟಿಗೆಯೊಳಗೆ ಹಿಡಿದರು ಅಂತ ಕಾಣುತ್ತದೆ. ಮಕ್ಕಳ ಗದ್ದಲ ದೂರವಾಯಿತು, ಉಸಿರಾಟ ಮಾತ್ರ ಕೇಳಿಸಿತು.

"ಗಂಟು ಲೂಸ್ ಇತ್ತು ಶಶಿಯಕ್ಕ."

"ಇರ್ಲಿ ಅದ್ರಾಮಾಕ. ತಲುಪಿತಲ್ಲ."

ಆಮೇಲೆಯೂ ಅವರು ತುಂಬ ಹೊತ್ತು ಮಾತಾಡಿದರು. ಬಾಯಲ್ಲಿ ಹಗ್ಗ ಇರಲಿಲ್ಲ, ಆದರೂ ನನಗೆ ಒಂದಕ್ಷರ ತಿಳಿಯಲಿಲ್ಲ.